ವಾರದ ಹವಾಮಾನ ಮುನ್ನೋಟವನ್ನು ಓದುವ ಬಗೆ: ನಮ್ಮ ನಾಲ್ಕು ತಾಲ್ಲೂಕುಗಳ ಮಳೆ, ಸಿಡಿಲು, ಮಂಜು



ಶ್ರೀಮಠಕ್ಕೆ ಬರುವ ರೈತ ಭಕ್ತರಿಂದ ನಾವು ಮತ್ತೆ ಮತ್ತೆ ಕೇಳುವ ಮಾತೊಂದಿದೆ: "ಮಳೆ ಬರುತ್ತದೆ ಎಂದು ಹೇಳಿದ್ದರು ಬುದ್ಧಿ, ನಮ್ಮೂರಿಗೆ ಒಂದು ಹನಿಯೂ ಬೀಳಲಿಲ್ಲ." ಅದೇ ಸಂಜೆ ಹೊಸಕೋಟೆಯ ಕಡೆಯಿಂದ ಬಂದವರು ರಸ್ತೆಯ ಮೇಲೆ ನೀರು ಹರಿದುದನ್ನು ವರ್ಣಿಸುತ್ತಿರುತ್ತಾರೆ, ದೊಡ್ಡಬಳ್ಳಾಪುರದ ಕಡೆಯವರು ಆಕಾಶ ನೋಡುತ್ತ ಕುಳಿತಿರುತ್ತಾರೆ. ಹಾಗಾದರೆ ಮುನ್ನೋಟವು ಸುಳ್ಳೇ? ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲ. ಮುನ್ನೋಟವು ಹೇಳುವುದು ಇಡೀ ಜಿಲ್ಲೆಯ ಮಾತನ್ನು. ನಾವು ಅದನ್ನು ನಮ್ಮ ಹೊಲದ ಮಾತೆಂದು ಕೇಳಿಸಿಕೊಳ್ಳುತ್ತೇವೆ. ಈ ಎರಡರ ನಡುವಿನ ಅಂತರವನ್ನು ತಿಳಿದುಕೊಂಡರೆ ಅದೇ ಮುನ್ನೋಟವು ಬಹು ಉಪಯುಕ್ತವಾದ ಸಾಧನವಾಗುತ್ತದೆ.

ಇದು ಕೇವಲ ಕುತೂಹಲದ ವಿಷಯವಲ್ಲ. ರಾಗಿ ಬೆಳೆಯುವ ಕುಟುಂಬಕ್ಕೆ ವರ್ಷದಲ್ಲಿ ಎರಡು ವಾರಗಳು ನಿರ್ಣಾಯಕ: ಬಿತ್ತುವ ವಾರ ಮತ್ತು ಕುಯ್ಯುವ ವಾರ. ಬಿತ್ತುವಾಗ ತಪ್ಪಿದರೆ ಬೀಜ, ಗೊಬ್ಬರ, ಕೂಲಿ ಮಣ್ಣುಪಾಲಾಗುತ್ತವೆ. ಕುಯ್ಯುವಾಗ ತಪ್ಪಿದರೆ ಆರು ತಿಂಗಳ ದುಡಿಮೆಯೇ ನೀರುಪಾಲಾಗುತ್ತದೆ. ಇನ್ನು ಬೇಸಿಗೆಯ ಕೊನೆಯ ಸಂಜೆಗಳಲ್ಲಿ ಬಡಿಯುವ ಸಿಡಿಲು ಪ್ರಾಣವನ್ನೇ ಕೊಂಡೊಯ್ಯುತ್ತದೆ. ಆದುದರಿಂದ ವಾರದ ಮುನ್ನೋಟದ ಒಂದೊಂದು ಪದಕ್ಕೂ ಇರುವ ಅರ್ಥವನ್ನೂ, ಅದರ ಹಿಂದಿರುವ ಪ್ರಕೃತಿಯ ಕ್ರಮವನ್ನೂ ಇಲ್ಲಿ ಸರಳವಾಗಿ ವಿವರಿಸುತ್ತೇವೆ.

ನಮ್ಮ ನಾಡಿನ ನೆಲೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿವೆ. ಉತ್ತರಕ್ಕೆ ನಂದಿ ಬೆಟ್ಟದ ಸಾಲು, ಪಶ್ಚಿಮಕ್ಕೆ ಶಿವಗಂಗೆ. ಅರ್ಕಾವತಿ ಮತ್ತು ದಕ್ಷಿಣ ಪಿನಾಕಿನಿ ನಂದಿಯ ಸೀಮೆಯಲ್ಲಿ ಹುಟ್ಟುತ್ತವೆ. ಕುಮುದ್ವತಿ ಶಿವಗಂಗೆಯ ಕಡೆಯಿಂದ ಇಳಿಯುತ್ತದೆ. ಇವೆಲ್ಲ ಮಳೆಯನ್ನೇ ನಂಬಿದ ನದಿಗಳು. ಹಿಮದ ನೀರಾಗಲಿ, ದೊಡ್ಡ ಅಣೆಕಟ್ಟಿನ ಕಾಲುವೆಯಾಗಲಿ ನಮಗಿಲ್ಲ. ಕೆರೆ, ಕೊಳವೆಬಾವಿ, ಹೊಲ ಎಲ್ಲವೂ ಮೇಲಿನಿಂದ ಬೀಳುವ ನೀರಿಗೇ ಬಾಯ್ತೆರೆದು ನಿಂತಿವೆ.

ಆ ನೀರಾದರೂ ವರ್ಷಕ್ಕೆ 800 ಮಿಲಿಮೀಟರಿನ ಆಸುಪಾಸು ಮಾತ್ರ. ಇದೇ ರಾಜ್ಯದ ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಪಶ್ಚಿಮ ಘಟ್ಟ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟವನ್ನು ಏರುವಾಗ ತಣಿದು, ತನ್ನ ಬಹುಪಾಲು ನೀರನ್ನು ಅಲ್ಲಿಯೇ ಸುರಿಸುತ್ತದೆ. ಘಟ್ಟ ದಾಟಿ ನಮ್ಮ ಕಡೆಗೆ ಇಳಿಯುವ ಗಾಳಿಯಲ್ಲಿ ಉಳಿದಿರುವ ತೇವ ಅಲ್ಪ. ಇಳಿಯುವ ಗಾಳಿ ಬಿಸಿಯೇರುವುದರಿಂದ ಮೋಡಗಳೂ ಕರಗುತ್ತವೆ. ಆಷಾಢದ ಗಾಳಿ ಎಂದು ನಮ್ಮ ಹಿರಿಯರು ಕರೆದದ್ದು ಇದನ್ನೇ. ಜೂನ್-ಜುಲೈಯಲ್ಲಿ ಮೋಡಗಳು ಪಡುವಣದಿಂದ ಸಾಲುಗಟ್ಟಿ ಓಡುತ್ತವೆ, ಗಾಳಿ ಬೀಸುತ್ತದೆ, ಆದರೆ ಬೀಳುವುದು ತುಂತುರು ಮಾತ್ರ.

ನಮ್ಮ ಮಳೆ ಮೂರು ಕಾಲಗಳಲ್ಲಿ ಬರುತ್ತದೆ. ಮಾರ್ಚ್‌ನಿಂದ ಮೇ ತನಕ ಮುಂಗಾರುಪೂರ್ವದ ಗುಡುಗು ಮಳೆ; ಜೂನ್‌ನಿಂದ ಸೆಪ್ಟೆಂಬರ್ ತನಕ ನೈರುತ್ಯ ಮುಂಗಾರು; ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಈಶಾನ್ಯ ಹಿಂಗಾರು. ಇವುಗಳಲ್ಲಿ ಹೆಚ್ಚು ನೀರು ಕೊಡುವ ತಿಂಗಳುಗಳು ಸೆಪ್ಟೆಂಬರ್ ಮತ್ತು ಅಕ್ಟೋಬರ್. ಆಗ ಪಡುವಣ ಗಾಳಿಯ ಬಿರುಸು ತಗ್ಗಿರುತ್ತದೆ, ಹಗಲಿನ ಬಿಸಿಲು ನೆಲವನ್ನು ಕಾಯಿಸುತ್ತದೆ, ಬಂಗಾಳ ಕೊಲ್ಲಿಯ ತೇವವೂ ಸೇರಿಕೊಳ್ಳುತ್ತದೆ. ಆದ್ದರಿಂದ ಸಂಜೆಯ ಮಳೆಗಳು ಬಲವಾಗಿ ಬರುತ್ತವೆ.

ಈ ಕಾಲಕ್ರಮವನ್ನು ನಮ್ಮ ಹಿರಿಯರು ಮಳೆ ನಕ್ಷತ್ರಗಳ ಮೂಲಕ ಲೆಕ್ಕವಿಟ್ಟಿದ್ದರು. ಒಂದೊಂದು ನಕ್ಷತ್ರದಲ್ಲಿ ಸೂರ್ಯನಿರುವ ಅವಧಿ 13-14 ದಿನ. ಮೇ ಕೊನೆಯ ವಾರಕ್ಕೆ ರೋಹಿಣಿ, ಜೂನ್ ಎರಡನೆಯ ವಾರಕ್ಕೆ ಮೃಗಶಿರ, ಜೂನ್ 22ರ ಸುಮಾರಿಗೆ ಆರಿದ್ರ, ಸೆಪ್ಟೆಂಬರ್ ಕೊನೆಗೆ ಹಸ್ತ, ಅಕ್ಟೋಬರ್ ನಡುವೆ ಚಿತ್ತ. ಇದು ಸೂರ್ಯನ ಸ್ಥಾನವನ್ನು ಹಿಡಿದ ಲೆಕ್ಕವಾದುದರಿಂದ ಪ್ರತಿವರ್ಷ ಅದೇ ದಿನಾಂಕಗಳ ಆಸುಪಾಸಿನಲ್ಲಿ ಬರುತ್ತದೆ. ಯಾವ ಹದಿನೈದು ದಿನಗಳಲ್ಲಿ ಯಾವ ಬಗೆಯ ಮಳೆ ಸಹಜ ಎಂಬುದನ್ನು ನೆನಪಿನಲ್ಲಿಡಲು ಒಳ್ಳೆಯ ಸಾಧನ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ತಲೆಮಾರುಗಳ ಅನುಭವದಿಂದ ಬಂದದ್ದು. ಆದರೆ ನಕ್ಷತ್ರ ಹೇಳುವುದು ಕಾಲದ ಸ್ವಭಾವವನ್ನು. ಈ ವರ್ಷದ ಈ ಮಂಗಳವಾರ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ವಾರದ ಮುನ್ನೋಟ ಬೇಕು.

ಮಳೆಯಲ್ಲಿ ಮೂರು ಬಗೆ

ಮಳೆಯಾಗಲು ತೇವದ ಗಾಳಿ ಮೇಲೇರಬೇಕು. ಮೇಲೇರಿದಂತೆ ಗಾಳಿ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ಮೋಡ ಕಟ್ಟುವ ಮೊದಲು ಒಂದು ಕಿಲೋಮೀಟರ್ ಏರಿದರೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ತಣಿಯುತ್ತದೆ. ತಣಿದ ಗಾಳಿ ತನ್ನಲ್ಲಿದ್ದ ಆವಿಯನ್ನೆಲ್ಲ ಹಿಡಿದಿಟ್ಟುಕೊಳ್ಳಲಾರದೆ ಹನಿಯಾಗಿಸುತ್ತದೆ, ಅದೇ ಮೋಡ. ಗಾಳಿಯನ್ನು ಮೇಲೇರಿಸುವ ಕಾರಣ ಯಾವುದು ಎಂಬುದರ ಮೇಲೆ ಮಳೆಯ ಬಗೆ ನಿಂತಿದೆ.

ಮೊದಲನೆಯದು ಬಿಸಿಲಿನ ಮಳೆ. ಏಪ್ರಿಲ್-ಮೇ ತಿಂಗಳ ಹಗಲಿನಲ್ಲಿ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸಿ ಮೇಲಕ್ಕೆ ದೂಡುತ್ತದೆ. ಮಧ್ಯಾಹ್ನ ಹತ್ತಿಯ ರಾಶಿಯಂತೆ ಕಾಣುವ ಮೋಡ ಎರಡು ಮೂರು ಗಂಟೆಗಳಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ ಬೆಳೆದು, ಸಂಜೆ ಗುಡುಗು, ಸಿಡಿಲು, ಬಿರುಗಾಳಿಗಳೊಡನೆ ಸುರಿಯುತ್ತದೆ. ಇಂತಹ ಒಂದು ಮೋಡದ ಅಗಲ ಕೆಲವೇ ಕಿಲೋಮೀಟರ್. ಆಯುಷ್ಯ ಒಂದು ಗಂಟೆಯ ಆಸುಪಾಸು. ಸೂಲಿಬೆಲೆಯಲ್ಲಿ ಕಟ್ಟೆ ಒಡೆಯುವಂತೆ ಸುರಿದು ವಿಜಯಪುರದಲ್ಲಿ ಒಣಗಿರುವುದು ಈ ಕಾರಣದಿಂದ.

ಎರಡನೆಯದು ಮುಂಗಾರಿನ ಮಳೆ. ಇಲ್ಲಿ ಗಾಳಿಯ ಹರಿವು ಸಾವಿರಾರು ಕಿಲೋಮೀಟರ್ ವಿಸ್ತಾರದ್ದು. ನಮ್ಮ ಭಾಗಕ್ಕೆ ಹಗುರವಾಗಿ, ಬಿಟ್ಟು ಬಿಟ್ಟು ಬರುತ್ತದೆ. ಪ್ರಮಾಣ ಕಡಿಮೆಯಾದರೂ ಮೋಡದ ನೆರಳು ಇರುವುದರಿಂದ ನೆಲದ ಹದ ಬೇಗ ಆರುವುದಿಲ್ಲ.

ಮೂರನೆಯದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆ. ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಕೊಲ್ಲಿಯಲ್ಲಿ ವಾಯುಭಾರ ತಗ್ಗಿದ ಕಡೆಗೆ ಸುತ್ತಲಿನ ತೇವದ ಗಾಳಿ ಸುತ್ತುತ್ತ ನುಗ್ಗುತ್ತದೆ. ಅದು ಬಲಗೊಂಡರೆ ಚಂಡಮಾರುತ. ತಮಿಳುನಾಡು ಅಥವಾ ಆಂಧ್ರದ ತೀರವನ್ನು ದಾಟಿ ಒಳನಾಡಿಗೆ ಬಂದಾಗ ಅದರ ಗಾಳಿ ಸೋತಿರುತ್ತದೆ, ಮೋಡ ಸೋತಿರುವುದಿಲ್ಲ. ಆಗ ಎರಡು ಮೂರು ದಿನ ಸೂರ್ಯನ ಮುಖ ಕಾಣದೆ ಜಡಿಮಳೆ ಹಿಡಿಯುತ್ತದೆ. 2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ತೀರ ದಾಟಿದ ಫೆಂಗಲ್ ಚಂಡಮಾರುತವು ಡಿಸೆಂಬರ್ ಮೊದಲ ದಿನಗಳಲ್ಲಿ ನಮ್ಮ ಭಾಗವನ್ನೂ ನೆನೆಸಿದ್ದನ್ನು ಭಕ್ತರು ಮರೆತಿರಲಾರರು.

ಈ ಮೂರು ಬಗೆಗಳನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ: ಎಲ್ಲ ಮುನ್ನೋಟಗಳಿಗೂ ಒಂದೇ ತೂಕವಿಲ್ಲ. ಕೊಲ್ಲಿಯ ವಾಯುಭಾರ ಕುಸಿತವು ನೂರಾರು ಕಿಲೋಮೀಟರ್ ಅಗಲದ್ದು. ಉಪಗ್ರಹಕ್ಕೆ ಕಾಣುತ್ತದೆ, ತೀರ ತಲುಪಲು ಹಲವು ದಿನ ಹಿಡಿಯುತ್ತದೆ. ಅದರ ಮುನ್ಸೂಚನೆಯನ್ನು ಎರಡು ಮೂರು ದಿನ ಮೊದಲೇ ಗಟ್ಟಿಯಾಗಿ ನಂಬಬಹುದು. ಮೇ ತಿಂಗಳ ಸಂಜೆಯ ಗುಡುಗು ಮೋಡ ಹುಟ್ಟುವುದೇ ಅಂದಿನ ಮಧ್ಯಾಹ್ನ. ಜಿಲ್ಲೆಯಲ್ಲಿ ಅದು ಹುಟ್ಟುವ ಸಂಭವವನ್ನು ಹಿಂದಿನ ದಿನವೇ ಹೇಳಬಹುದು. ಯಾವ ಊರಿನ ಮೇಲೆ ಎಂಬುದನ್ನು ಹೇಳಲಾಗದು.

ಮುನ್ನೋಟದ ಭಾಷೆ

ಭಾರತೀಯ ಹವಾಮಾನ ಇಲಾಖೆಯು 1875ರಲ್ಲಿ ಸ್ಥಾಪನೆಯಾದದ್ದು. ಅದರ ಬೆಂಗಳೂರು ಕೇಂದ್ರವು ಜಿಲ್ಲಾವಾರು ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿದೆ. ಇವು 15 ನಿಮಿಷಗಳಿಗೊಮ್ಮೆ ಮಾಹಿತಿ ಕಳುಹಿಸುತ್ತವೆ. ಇದೇ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿಗೆ ರೈತರು ಕರೆ ಮಾಡಿ ತಮ್ಮ ಊರಿನ ಮಾಹಿತಿ ಕೇಳಬಹುದು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಿಂದ ಮಂಗಳವಾರ ಮತ್ತು ಶುಕ್ರವಾರ ಕೃಷಿ ಹವಾಮಾನ ಸಲಹೆ ಹೊರಡುತ್ತದೆ. 'ಮೇಘದೂತ' ಎಂಬ ಮೊಬೈಲ್ ಆ್ಯಪ್‌ನಲ್ಲಿಯೂ ಈ ಸಲಹೆ ಸಿಗುತ್ತದೆ.

ಇವುಗಳಲ್ಲಿ ಬಳಸುವ ಪದಗಳು ಬಾಯಿಗೆ ಬಂದಂತೆ ಆಡಿದವಲ್ಲ, ಒಂದೊಂದಕ್ಕೂ ಅಳತೆಯಿದೆ.

ಮಳೆಯ ಹರಡುವಿಕೆಯನ್ನು ಹೇಳುವ ಪದಗಳು ಹೀಗಿವೆ:

• ಒಂದೆರಡು ಕಡೆ: ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರವರೆಗೆ ಮಾತ್ರ ಮಳೆ
• ಕೆಲವು ಕಡೆ: ಶೇ. 26ರಿಂದ 50
• ಹಲವು ಕಡೆ: ಶೇ. 51ರಿಂದ 75
• ಬಹುತೇಕ ಎಲ್ಲ ಕಡೆ: ಶೇ. 76 ಅಥವಾ ಅದಕ್ಕಿಂತ ಹೆಚ್ಚು

24 ಗಂಟೆಯಲ್ಲಿ ಬೀಳುವ ಮಳೆಯ ಪ್ರಮಾಣವನ್ನು ಹೇಳುವ ಪದಗಳು:

• ಹಗುರ ಮಳೆ: 2.5ರಿಂದ 15.5 ಮಿ.ಮೀ.
• ಸಾಧಾರಣ ಮಳೆ: 15.6ರಿಂದ 64.4 ಮಿ.ಮೀ.
• ಭಾರೀ ಮಳೆ: 64.5ರಿಂದ 115.5 ಮಿ.ಮೀ.
• ಅತಿ ಭಾರೀ ಮಳೆ: 115.6ರಿಂದ 204.4 ಮಿ.ಮೀ.
• ಅತ್ಯಂತ ಹೆಚ್ಚಿನ ಭಾರೀ ಮಳೆ: 204.4 ಮಿ.ಮೀ. ಮೀರಿದ್ದು

ಈ ಪಟ್ಟಿಯನ್ನು ನೋಡಿದರೆ ಮೊದಲು ಹೇಳಿದ ದೂರಿಗೆ ಉತ್ತರ ದೊರೆಯುತ್ತದೆ. 'ಒಂದೆರಡು ಕಡೆ ಮಳೆ' ಎಂಬ ಮುನ್ಸೂಚನೆಯ ದಿನ ನಾಲ್ಕರಲ್ಲಿ ಮೂರು ಪಾಲು ಊರುಗಳು ಒಣಗಿಯೇ ಇರುತ್ತವೆ ಎಂಬುದು ಆ ಮಾತಿನಲ್ಲಿಯೇ ಅಡಗಿದೆ. ನಮ್ಮೂರಿಗೆ ಮಳೆ ಬಾರದಿದ್ದರೆ ಮುನ್ಸೂಚನೆ ತಪ್ಪಿತೆಂದು ಹೇಳಲಾಗದು. ಅದರಲ್ಲಿದ್ದ ಹೆಚ್ಚಿನ ಪಾಲಿಗೆ ನಾವು ಸೇರಿದೆವು, ಅಷ್ಟೆ. 'ಸಾಧಾರಣ' ಎಂಬ ಪದವೂ ಹಾಗೆಯೇ ಮೋಸಗೊಳಿಸುತ್ತದೆ. 60 ಮಿ.ಮೀ. ಮಳೆ ಇಲಾಖೆಯ ಲೆಕ್ಕದಲ್ಲಿ ಸಾಧಾರಣ. ಆದರೆ ಅದು ಒಂದೇ ಗಂಟೆಯಲ್ಲಿ ಸುರಿದರೆ ಇಳಿಜಾರಿನ ಹೊಲದ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗಬಲ್ಲದು.

ಇನ್ನು ಬಣ್ಣಗಳು. ಹಸಿರು ಎಂದರೆ ವಿಶೇಷ ಎಚ್ಚರಿಕೆ ಬೇಕಿಲ್ಲ. ಹಳದಿ ಎಂದರೆ ಗಮನವಿಟ್ಟು ಮಾಹಿತಿ ನೋಡುತ್ತಿರಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ಬಣ್ಣವು ಮಳೆಯ ಪ್ರಮಾಣವನ್ನಷ್ಟೇ ಅಲ್ಲದೆ ಅದರಿಂದ ಆಗಬಹುದಾದ ಹಾನಿಯನ್ನೂ ಸೂಚಿಸುತ್ತದೆ. ಗುಡುಗು-ಸಿಡಿಲಿನ ಕಾರಣಕ್ಕೆ ಹಳದಿ ಬಂದಿದ್ದರೆ ಮಳೆ ಅಲ್ಪವಾದರೂ ಅಪಾಯ ಅಲ್ಪವಲ್ಲ.

ಇನ್ನೊಂದು ಸೂಕ್ಷ್ಮವಿದೆ. ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರ ತನಕ. ಮಂಗಳವಾರ ಸಂಜೆ ಬಿದ್ದ ಮಳೆ ಬುಧವಾರ ಬೆಳಗಿನ ಅಳತೆಯಲ್ಲಿ ದಾಖಲಾಗುತ್ತದೆ. ಪತ್ರಿಕೆಯ ಅಂಕಿಗೂ ನಮ್ಮ ನೆನಪಿಗೂ ಒಂದು ದಿನದ ವ್ಯತ್ಯಾಸ ಕಂಡರೆ ಗಾಬರಿಯಾಗಬೇಕಿಲ್ಲ.

ಒಂದು ಮಾದರಿ ವಾರ

ಮೇಲಿನ ಮಾತುಗಳನ್ನು ಅನ್ವಯಿಸಿ ನೋಡೋಣ. ಕೆಳಗಿನದು ಯಾವ ನಿರ್ದಿಷ್ಟ ವಾರದ ಮುನ್ನೋಟವೂ ಅಲ್ಲ; ಓದುವ ಕ್ರಮವನ್ನು ತಿಳಿಸಲು ಮೇ ತಿಂಗಳ ಕೊನೆಗೆ ಒಪ್ಪುವಂತೆ ನಾವು ರಚಿಸಿಕೊಂಡ ಮಾದರಿ.

ಮೊದಲ ಎರಡು ದಿನ: ಜಿಲ್ಲೆಯ ಒಂದೆರಡು ಕಡೆ ಗುಡುಗು ಸಹಿತ ಹಗುರ ಮಳೆ. ಮೂರನೆಯ ದಿನ: ಕೆಲವು ಕಡೆ ಗುಡುಗು ಸಹಿತ ಸಾಧಾರಣ ಮಳೆ, ಗಂಟೆಗೆ 40-50 ಕಿ.ಮೀ. ವೇಗದ ಬಿರುಗಾಳಿ, ಹಳದಿ ಎಚ್ಚರಿಕೆ. ನಾಲ್ಕರಿಂದ ಏಳನೆಯ ದಿನ: ಹಲವು ಕಡೆ ಹಗುರದಿಂದ ಸಾಧಾರಣ ಮಳೆ.

ಮೊದಲ ಎರಡು ದಿನ ಮಳೆಯನ್ನು ನೆಚ್ಚಿಕೊಂಡು ಯಾವ ಕೆಲಸವನ್ನೂ ಇಟ್ಟುಕೊಳ್ಳಬಾರದು. ನಿತ್ಯದ ಕೆಲಸಗಳನ್ನು ನಡೆಸಬಹುದು. ದ್ರಾಕ್ಷಿಗಾಗಲಿ ಟೊಮೆಟೊಗಾಗಲಿ ಔಷಧಿ ಸಿಂಪಡಿಸುವುದಿದ್ದರೆ ಬೆಳಗಿನ ಹೊತ್ತೇ ಲೇಸು. ಈ ಕಾಲದ ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರದ್ದು. ಮೂರನೆಯ ದಿನ ಮಧ್ಯಾಹ್ನದೊಳಗೆ ದನಕರುಗಳು ಕೊಟ್ಟಿಗೆ ಸೇರಬೇಕು, ಒಣಗಲು ಹಾಕಿದ ಕಾಳು ಮನೆ ಸೇರಬೇಕು, ಬಾಳೆಗೆ ಆಸರೆ ಬೇಕು. ನಾಲ್ಕರಿಂದ ಏಳನೆಯ ದಿನದ ಸಾಲನ್ನು ದಿಕ್ಕು ತೋರಿಸುವ ಮಾತೆಂದು ಮಾತ್ರ ತೆಗೆದುಕೊಳ್ಳಬೇಕು. ಅದು ಹೇಳುವುದಿಷ್ಟೆ: ತೇವ ಹೆಚ್ಚುತ್ತಿದೆ. ಬೀಜ ಗೊಬ್ಬರ ಹೊಂದಿಸಿಕೊಳ್ಳಲು ಅಷ್ಟು ಸಾಕು, ಬಿತ್ತಲು ಸಾಲದು. ಮೂರು ದಿನ ಕಳೆದ ಮೇಲೆ ಹೊಸ ಮುನ್ನೋಟವನ್ನು ಮತ್ತೆ ನೋಡಿ ನಿರ್ಧರಿಸಬೇಕು.

ಮುನ್ಸೂಚನೆಯ ದಿನ ದೂರವಾದಂತೆ ನಂಬಿಕೆ ಕುಗ್ಗುವುದು ಏಕೆ? ಇಂದಿನ ಗಾಳಿ, ತೇವ, ತಾಪಗಳ ಅಳತೆಯನ್ನು ಗಣಕಯಂತ್ರಕ್ಕೆ ಕೊಟ್ಟು ನಾಳಿನದನ್ನು ಲೆಕ್ಕ ಹಾಕುತ್ತಾರೆ, ನಾಳಿನದರಿಂದ ನಾಡಿದ್ದನ್ನು. ಮೊದಲ ಅಳತೆಯ ಸಣ್ಣ ಕೊರತೆ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಸಾಲು ಹೊಡೆಯುವಾಗ ಮೊದಲಿಗೆ ಒಂದು ಬೆರಳು ವಾರೆಯಾದ ನೇಗಿಲು ಹೊಲದ ಕೊನೆಗೆ ಮಾರು ದೂರ ಸರಿದಿರುವಂತೆ ಇದು. ಲೆಕ್ಕದ ಜಾಲವೂ ಈಚೆಗೆ ಸೂಕ್ಷ್ಮವಾಗಿದೆ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ 'ಭಾರತ್ ಫೋರ್‌ಕಾಸ್ಟ್ ಸಿಸ್ಟಂ' ಆರು ಕಿಲೋಮೀಟರಿನ ಚೌಕಗಳಲ್ಲಿ ಲೆಕ್ಕ ಹಾಕುತ್ತದೆ. ಅದಕ್ಕೆ ಮೊದಲು ಆ ಚೌಕ ಹನ್ನೆರಡು ಕಿಲೋಮೀಟರಿನದಾಗಿತ್ತು. ಆದರೂ ಒಂದು ಹೊಲ ಆರು ಕಿಲೋಮೀಟರಿಗಿಂತ ಬಹಳ ಚಿಕ್ಕದು.

ಬಿತ್ತನೆ ಮತ್ತು ಕುಯ್ಲು

ರಾಗಿಯ ವಿಷಯದಲ್ಲಿ ನಿರ್ಧಾರ ತೆಗೆದುಕೊಳ್ಳುವಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳಿತು: ಮುನ್ಸೂಚನೆ ತಪ್ಪಿದರೆ ನನಗಾಗುವ ನಷ್ಟವೆಷ್ಟು?

ಬಿತ್ತನೆಗೆ ಬೇಕಾದುದು ಆಕಾಶದ ಮಾತಿಗಿಂತ ನೆಲದ ಹದ. ಒಂದು ಸಂಜೆ ಬಿದ್ದ 8 ಮಿ.ಮೀ. ಮಳೆ ಧೂಳಡಗಿಸುತ್ತದೆ, ಬೇಸಿಗೆಯ ಕೊನೆಯ ಬಿಸಿಲಿನಲ್ಲಿ ದಿನಕ್ಕೆ 5-6 ಮಿ.ಮೀ. ಆವಿಯಾಗುವುದರಿಂದ ಎರಡು ದಿನದಲ್ಲಿ ಆ ತೇವ ಆರಿಹೋಗುತ್ತದೆ. ಅದನ್ನು ನಂಬಿ ಬಿತ್ತಿದ ಬೀಜ ಮೊಳೆತು ಒಣಗುತ್ತದೆ. ಹದ ಮಳೆ ಬಿದ್ದು, ಗುದ್ದಲಿಯಿಂದ ಅಗೆದಾಗ ಗೇಣುದ್ದ ಮಣ್ಣು ಹಸಿಯಿದ್ದು, ಮುಂದಿನ ಮೂರು ದಿನಗಳ ಮುನ್ನೋಟದಲ್ಲಿ 'ಕೆಲವು ಕಡೆ' ಅಥವಾ ಅದಕ್ಕಿಂತ ಹೆಚ್ಚಿನ ಮಾತಿದ್ದರೆ ಮುಂದುವರಿಯಬಹುದು. ಮಳೆ ತಡವಾದರೆ ಕೈಚೆಲ್ಲಬೇಕಾಗಿಲ್ಲ, ದೀರ್ಘಾವಧಿಯ ಎಂ.ಆರ್. ತಳಿಗಳ ಬದಲು ಅವುಗಳಿಗಿಂತ ಕಡಿಮೆ ಅವಧಿಯ ಜಿಪಿಯು-28ರಂತಹ ತಳಿಯನ್ನು ಆರಿಸಿಕೊಳ್ಳಬಹುದು. ಈ ಕುರಿತು ರೈತ ಸಂಪರ್ಕ ಕೇಂದ್ರದ ಸಲಹೆ ಪಡೆಯಿರಿ.

ಕುಯ್ಲಿನ ಲೆಕ್ಕ ಬೇರೆ. ನವೆಂಬರ್-ಡಿಸೆಂಬರಿನಲ್ಲಿ ತೆನೆ ಬಲಿತಿರುವಾಗ ಕೊಲ್ಲಿಯಲ್ಲಿ ವಾಯುಭಾರ ಕುಸಿತದ ಸುದ್ದಿ ಬಂದರೆ ಅದನ್ನು ಹಗುರವಾಗಿ ಕಾಣಬಾರದು. ಇಂತಹ ಮುನ್ಸೂಚನೆಗೆ ತೂಕ ಹೆಚ್ಚೆಂದು ಮೇಲೆ ಹೇಳಿದ್ದೇವೆ. 2021ರ ನವೆಂಬರಿನ ಮಳೆ ಹಳೇ ಮೈಸೂರು ಸೀಮೆಯಲ್ಲೆಲ್ಲ ನಿಂತ ರಾಗಿಯನ್ನು ನೆಲಕ್ಕೆ ಮಲಗಿಸಿತು. ಎಷ್ಟೋ ಹೊಲಗಳಲ್ಲಿ ಕಾಳು ತೆನೆಯಲ್ಲಿಯೇ ಮೊಳೆಯಿತು, ಹುಲ್ಲು ಕಪ್ಪಾಗಿ ದನಗಳಿಗೂ ಒದಗದಾಯಿತು. ಕುಯ್ದ ಬೆಳೆಯನ್ನು ಹೊಲದಲ್ಲಿ ಹರಡಿ ಒಣಗಿಸಲು ಕೆಲವು ದಿನಗಳ ಬಿಸಿಲು ಬೇಕು. ಆ ಬಿಸಿಲು ಮುನ್ನೋಟದಲ್ಲಿ ಕಾಣದಿದ್ದರೆ ಎರಡು ದಿನ ಕುಯ್ಲು ಮುಂದೂಡುವುದು, ಈಗಾಗಲೇ ಕುಯ್ದಿದ್ದರೆ ಎತ್ತರದ ಜಾಗದಲ್ಲಿ ಮೆದೆ ಹಾಕಿ ಟಾರ್ಪಾಲು ಹೊದಿಸುವುದು ವಿವೇಕ. ಮುನ್ಸೂಚನೆ ತಪ್ಪಿದರೆ ಹೋಗುವುದು ಒಂದು ದಿನದ ಕೂಲಿ. ನಿಜವಾದರೆ ಉಳಿಯುವುದು ವರ್ಷದ ಅನ್ನ.

ಬೆಳೆ ವಿಮೆ ಮಾಡಿಸಿದವರು ಒಂದು ನಿಯಮವನ್ನು ನೆನಪಿಡಬೇಕು. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕುಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೆ 14 ದಿನಗಳವರೆಗೆ ಅಕಾಲಿಕ ಮಳೆ, ಆಲಿಕಲ್ಲು, ಚಂಡಮಾರುತಗಳಿಂದ ಆಗುವ ನಷ್ಟಕ್ಕೆ ರಕ್ಷಣೆಯುಂಟು. ಆದರೆ ನಷ್ಟವಾದ 72 ಗಂಟೆಗಳೊಳಗೆ ತಿಳಿಸಬೇಕು. ತಿಳಿಯದೆ ಈ ಅವಧಿ ಕಳೆದುಕೊಂಡರೆ ಪರಿಹಾರವೂ ಕೈತಪ್ಪುತ್ತದೆ.

ಸಿಡಿಲು ಮತ್ತು ಆಲಿಕಲ್ಲು

ಗುಡುಗು ಮೋಡದ ಮೇಲ್ಭಾಗದಲ್ಲಿ ನೀರು ಹೆಪ್ಪುಗಟ್ಟಿರುತ್ತದೆ. ಮಂಜಿನ ಹರಳುಗಳೂ ಮೆತ್ತನೆಯ ಮಂಜಿನ ಉಂಡೆಗಳೂ ಬಿರುಸಿನ ಗಾಳಿಯಲ್ಲಿ ಒಂದಕ್ಕೊಂದು ತಾಗಿ ವಿದ್ಯುದಾವೇಶ ಬೇರ್ಪಡುತ್ತದೆ. ಅದು ನೆಲಕ್ಕೆ ಹರಿದಾಗ ಸಿಡಿಲು. ಆ ದಾರಿಯ ಗಾಳಿ ಕ್ಷಣಮಾತ್ರದಲ್ಲಿ ಸುಮಾರು 30,000 ಡಿಗ್ರಿಯವರೆಗೆ ಕಾದು ಸಿಡಿಯುವ ಸದ್ದೇ ಗುಡುಗು. ಅದೇ ಮೇಲೇರುವ ಗಾಳಿ ಮಂಜಿನ ಉಂಡೆಯನ್ನು ಎತ್ತಿ ಹಿಡಿದು ಪದರದ ಮೇಲೆ ಪದರ ನೀರು ಹೆಪ್ಪುಗಟ್ಟಿಸಿದಾಗ ಆಲಿಕಲ್ಲಾಗುತ್ತದೆ. ಗಾಳಿ ಹೊರಲಾರದಷ್ಟು ಭಾರವಾದಾಗ ಬೀಳುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ದ್ರಾಕ್ಷಿ, ಮಾವು, ಹಸಿರುಮನೆಗಳಿಗೆ ಇದರಿಂದ ಹತ್ತೇ ನಿಮಿಷದಲ್ಲಿ ಹಾನಿಯಾಗುತ್ತದೆ.

ಸಿಡಿಲು ಎಷ್ಟು ದೂರದಲ್ಲಿದೆ ಎಂದು ತಿಳಿಯಲು ಉಪಕರಣ ಬೇಡ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವ ತನಕ ಸೆಕೆಂಡುಗಳನ್ನು ಎಣಿಸಿ; ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ಕೂಡಲೇ ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಕಳೆಯುವ ತನಕ ಹೊರಗೆ ಬರಬಾರದು. ಮಳೆ ನಿಂತಿತೆಂದು ಕೂಡಲೇ ಹೊಲಕ್ಕೆ ಇಳಿಯುವುದು ಅಪಾಯಕರ.

ನಾವು ವಿನಂತಿಸಿಕೊಳ್ಳುವುದು ಇಷ್ಟು. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕುರಿ ಮೇಯಿಸುವವರು, ಹೊಲದಲ್ಲಿ ದುಡಿಯುವವರು ಮಳೆಗೆ ಹೆದರಿ ಹುಣಸೆ, ಹೊಂಗೆ ಮರಗಳ ಬುಡ ಸೇರುತ್ತಾರೆ. ಪ್ರಾಣಹಾನಿಗೆ ಅದೇ ದಾರಿಯಾಗುತ್ತದೆ. ಮರಕ್ಕೆ ಬಡಿದ ಸಿಡಿಲು ಬುಡದ ನೆಲದಲ್ಲಿ ಹರಡುತ್ತದೆ, ಪಕ್ಕದಲ್ಲಿ ನಿಂತವರಿಗೆ ಹಾರುತ್ತದೆ. ಗೋಡೆಯಿಲ್ಲದ ತಗಡಿನ ಚಪ್ಪರವೂ ರಕ್ಷಣೆಯಲ್ಲ. ಗಟ್ಟಿಯಾದ ಮನೆ, ಗಾಜು ಮುಚ್ಚಿದ ಕಾರು ಅಥವಾ ಬಸ್ಸು ಸುರಕ್ಷಿತ. ಬಯಲಿನಲ್ಲಿ ಸಿಕ್ಕಿಕೊಂಡು ಬೇರೆ ದಾರಿಯೇ ಇಲ್ಲವಾದರೆ ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ತಲೆ ತಗ್ಗಿಸಿ ಕುಳಿತುಕೊಳ್ಳಿ. ನೆಲದ ಮೇಲೆ ಮಲಗಬೇಡಿ. ಗುಂಪಾಗಿ ಒತ್ತಿ ನಿಲ್ಲಬೇಡಿ. ಶಿವಗಂಗೆಯ ಬೆಟ್ಟ ಏರುವ ಭಕ್ತರು ಬೇಸಿಗೆಯ ಮಧ್ಯಾಹ್ನ ಕಪ್ಪು ಮೋಡ ಕಂಡರೆ ಬಂಡೆಯ ತುದಿಗೆ ಹೋಗದೆ, ಕಬ್ಬಿಣದ ಕಂಬಿಗಳಿಂದ ದೂರವಾಗಿ ಕೆಳಗಿಳಿಯಬೇಕು. ಬೆಳಗಿನ ಹೊತ್ತೇ ಬೆಟ್ಟ ಹತ್ತಿ ಇಳಿಯುವುದು ಉತ್ತಮ.

ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಅವರನ್ನು ಮುಟ್ಟಲು ಹೆದರಿ ಕಾಲ ಕಳೆಯಬೇಡಿ. ಉಸಿರು ನಿಂತಿದ್ದರೆ ತಿಳಿದವರು ಕೂಡಲೇ ಎದೆ ಒತ್ತುವ ಪ್ರಥಮ ಚಿಕಿತ್ಸೆ ಆರಂಭಿಸಬೇಕು. 108ಕ್ಕೆ ಕರೆ ಮಾಡಬೇಕು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ 'ದಾಮಿನಿ' ಎಂಬ ಆ್ಯಪ್ ಸುತ್ತಮುತ್ತ ಬೀಳುತ್ತಿರುವ ಸಿಡಿಲಿನ ಸೂಚನೆ ಕೊಡುತ್ತದೆ. ಮನೆಯ ಮಕ್ಕಳು ಹಿರಿಯರ ಮೊಬೈಲಿಗೆ ಇದನ್ನು ಹಾಕಿಕೊಡಲಿ.

ಮಂಜು ಮತ್ತು ಇಬ್ಬನಿ

ಡಿಸೆಂಬರ್-ಜನವರಿಯ ಬೆಳಗಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದ ವಿಮಾನಗಳು ಮಂಜಿನಿಂದ ತಡವಾದ ಸುದ್ದಿಯನ್ನು ಪ್ರತಿವರ್ಷ ಓದುತ್ತೇವೆ. ಮೋಡವಿಲ್ಲದ ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣಿಯುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣಿದು, ಅದರ ಆವಿ ಎಲೆಯ ಮೇಲೆ ಹನಿಯಾದರೆ ಇಬ್ಬನಿ, ಗಾಳಿಯಲ್ಲಿಯೇ ಹನಿಯಾಗಿ ತೇಲಿದರೆ ಮಂಜು. ಗಾಳಿ ನಿಶ್ಚಲವಾಗಿರುವ ತಗ್ಗು ಪ್ರದೇಶ, ಕೆರೆಯಂಗಳಗಳಲ್ಲಿ ಇದು ದಟ್ಟ. ಸೂರ್ಯ ಏರಿ ನೆಲ ಕಾದಂತೆ ಕರಗುತ್ತದೆ. ಮೋಡ ಕವಿದ ರಾತ್ರಿ ಹೊದಿಕೆ ಹೊದ್ದಂತೆ ನೆಲ ಬೆಚ್ಚಗಿರುವುದರಿಂದ ಇಂತಹ ಮಂಜು ಕಡಿಮೆ.

ಎಲೆ ಬಹಳ ಹೊತ್ತು ಒದ್ದೆಯಾಗಿದ್ದರೆ ದ್ರಾಕ್ಷಿಗೆ ಬೂಜು ರೋಗ, ಆಲೂಗೆಡ್ಡೆಗೆ ಅಂಗಮಾರಿ ತಗಲುವ ಸಂಭವ ಹೆಚ್ಚು. ರೇಷ್ಮೆ ಸಾಕುವವರಿಗೂ ಈ ದಿನಗಳು ಕಷ್ಟದವು. ಬೆಳೆದ ಹುಳುವಿಗೆ 23-25 ಡಿಗ್ರಿ ತಾಪ, ಶೇ. 70ರಷ್ಟು ತೇವಾಂಶ ಹಿತ. ಚಳಿಯೂ ತೇವವೂ ಒಟ್ಟಾದಾಗ ಸುಣ್ಣಕಟ್ಟು ರೋಗ ಹರಡುತ್ತದೆ. ಮುನ್ನೋಟದಲ್ಲಿ ರಾತ್ರಿಯ ಕನಿಷ್ಠ ತಾಪ ಇಳಿಯುವ ಸೂಚನೆ ಕಂಡರೆ ಹುಳುಮನೆಯನ್ನು ಬೆಚ್ಚಗಿಡಿ, ಇಬ್ಬನಿ ಮೆತ್ತಿದ ಸೊಪ್ಪನ್ನು ಹಾಕಬೇಡಿ.

ಮನೆಯಂಗಳದಲ್ಲೊಂದು ಮಳೆಮಾಪಕ

ಮುನ್ನೋಟವನ್ನು ನಮ್ಮ ಊರಿಗೆ ಹೊಂದಿಸಿಕೊಳ್ಳುವ ಅತ್ಯಂತ ಸುಲಭ ಮಾರ್ಗವೆಂದರೆ ನಾವೇ ಅಳೆಯುವುದು. ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ತಳ ಮಟ್ಟಸವಾಗಿರುವ ಡಬ್ಬಿಯನ್ನು ಬಯಲಿನಲ್ಲಿ ಅಲುಗದಂತೆ ಇರಿಸಿ. ಮರ ಅಥವಾ ಗೋಡೆಯಿಂದ, ಅದರ ಎತ್ತರದ ಎರಡರಷ್ಟು ದೂರವಿರಲಿ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಶಾಲೆಯ ಅಳತೆಪಟ್ಟಿಯಿಂದ ನೀರಿನ ಎತ್ತರ ಅಳೆದು, ಬರೆದಿಟ್ಟು, ಚೆಲ್ಲಿಬಿಡಿ. ಪಟ್ಟಿಯ ತುದಿಯಲ್ಲಿ ಗುರುತಿಲ್ಲದ ಅಂಚಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ.

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದು ಎಕರೆಗೆ ಸುಮಾರು 4,000 ಲೀಟರ್. 25 ಮಿ.ಮೀ. ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರ್. ಈ ಲೆಕ್ಕ ಗೊತ್ತಾದಾಗ ಬದು, ಕೃಷಿ ಹೊಂಡಗಳ ಬೆಲೆಯೂ ತಿಳಿಯುತ್ತದೆ. ಎರಡು ಮೂರು ವರ್ಷ ಬರೆದಿಟ್ಟರೆ 'ಕೆಲವು ಕಡೆ' ಎಂದಾಗ ನಮ್ಮೂರಿಗೆ ಎಷ್ಟು ಸಲ ಮಳೆ ಬಂದಿತೆಂಬುದು ನಮ್ಮದೇ ಪುಸ್ತಕದಲ್ಲಿ ಕಾಣಸಿಗುತ್ತದೆ. ಮಕ್ಕಳಿಗೆ ಈ ಹೊಣೆ ಕೊಟ್ಟರೆ ಅವರಿಗೆ ನೆಲದ ಮೇಲೆ ಮಮತೆಯೂ ಬೆಳೆಯುತ್ತದೆ, ಲೆಕ್ಕದ ಶಿಸ್ತೂ ಬರುತ್ತದೆ.

ಮಳೆಯನ್ನು ತರಿಸುವುದು ನಮ್ಮ ಕೈಯಲ್ಲಿಲ್ಲ. ಬರುವುದನ್ನು ಮೊದಲೇ ತಿಳಿದು, ಬಂದುದನ್ನು ಅಳೆದು, ಬಿದ್ದುದನ್ನು ಹಿಡಿದಿಟ್ಟುಕೊಳ್ಳುವುದು ನಮ್ಮ ಕೈಯಲ್ಲಿದೆ. ಬೇಸಾಯವನ್ನು ಕಾಯಕವೆಂದು ಬಗೆದವರಿಗೆ ಇದೂ ಆ ಕಾಯಕದ ಒಂದು ಭಾಗವೇ. ಈ ವಾರದ ಮುನ್ನೋಟವನ್ನು ತೆರೆದು, ಮೇಲಿನ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಮ್ಮೆ ಓದಿ ನೋಡಿ. ಓದು ಬಾರದ ನೆರೆಯವರಿಗೆ ಹೇಳಿ. ಗುಡುಗು ಕೇಳಿದಾಗ ಹೊಲದಲ್ಲಿರುವವರನ್ನು ಕೂಗಿ ಒಳಗೆ ಕರೆಯಿರಿ.

ಎಲ್ಲರ ಹೊಲ ಹಸನಾಗಲಿ, ಎಲ್ಲರೂ ಕ್ಷೇಮವಾಗಿರಲಿ.